ಗೋಡೆಯ ಮೇಲಿನ ಕಡಲಲ್ಲಿ ಯಾರಿಲ್ಲ?

ಬೆಂಗಳೂರಿನ ಹೂಡಿಯಿಂದ ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಕಡಲು ಕಾಣಬೇಕಾದರೆ ಮುನ್ನೂರು ಕಿಲೊಮೀಟರಿಗೂ ಹೆಚ್ಚು ದಾರಿ ಸವೆಸಬೇಕು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಈ ಬಯಲುಸೀಮೆಯಲ್ಲಿ ನೀರು ಎಂದರೆ ಕೆರೆ. ಆದರೂ ಇಲ್ಲಿನ ಗೋಡೆಗಳ ಮೇಲೆ ಎಲ್ಲಿ ನೋಡಿದರೂ ಕಡಲಿದೆ. ಹೊಸ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ, ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುವ ಕೋಣೆಯಲ್ಲಿ, ಐಟಿ ಕಚೇರಿಯ ಮೀಟಿಂಗ್ ರೂಮಿನಲ್ಲಿ, ಕೊಳ್ಳುವವರಿಗೆಂದು ಬಿಲ್ಡರುಗಳು ಸಿಂಗರಿಸಿಟ್ಟ ಮಾದರಿ ಫ್ಲಾಟಿನಲ್ಲಿ ಅದು ಚೌಕಟ್ಟು ಹಾಕಿಸಿಕೊಂಡು ಕೂತಿರುತ್ತದೆ. ಚಿತ್ರದ ಬಗೆಯೂ ಹೆಚ್ಚುಕಡಿಮೆ ಒಂದೇ. ಕೆಳಗೆ ಒಂದಿಷ್ಟು ಮರಳು, ನಡುವೆ ಬೂದುನೀಲಿ ನೀರು, ಮೇಲೆ ಅಗಲವಾದ ಬಿಳಿಚು ಆಕಾಶ. ಒಮ್ಮೊಮ್ಮೆ ನೀರಿಗೆ ಮುಖ ಮಾಡಿದ ಒಂದು ಕುರ್ಚಿ, ಇಲ್ಲವೇ ನೀರೊಳಕ್ಕೆ ಚಾಚಿದ ಮರದ ಕಟ್ಟೆ. ಮನುಷ್ಯರು ಮಾತ್ರ ಯಾರೂ ಇಲ್ಲ. ಜನ ಕಿಕ್ಕಿರಿದ ಊರು ತನ್ನ ಗೋಡೆಗೆ ಜನರಿಲ್ಲದ ದಡವನ್ನೇ ಆರಿಸಿಕೊಳ್ಳುತ್ತಿದೆ ಎಂದರೆ, ಆ ದಡದಲ್ಲಿ ಏನಿದೆ, ಏನಿಲ್ಲ ಎಂದು ನಿಂತು ನೋಡಬೇಕಾಗುತ್ತದೆ.

ಕನ್ನಡದಲ್ಲಿ ಎರಡು ಮಾತುಗಳಿವೆ: ‘ಖಾಲಿ’ ಮತ್ತು ‘ಇಲ್ಲ’. ಹೂಡಿಯ ಅಡ್ಡರಸ್ತೆಗಳಲ್ಲಿ ‘ಮನೆ ಖಾಲಿ ಇದೆ’ ಎಂಬ ಬೋರ್ಡು ತೂಗುತ್ತದೆ. ಬಾಡಿಗೆ ಕೊಡಲು ಒಪ್ಪುವ ಯಾರಾದರೂ ಬರಬಹುದು ಎಂದು ಅದರ ಅರ್ಥ. ‘ಅವರು ಮನೇಲಿಲ್ಲ’ ಎಂಬ ಮಾತಿನ ಅರ್ಥ ಬೇರೆ. ಅಲ್ಲಿ ಒಬ್ಬರಿಗೆಂದು ಮೀಸಲಾದ ಜಾಗವಿದೆ, ಆ ಒಬ್ಬರು ಆಚೆ ಹೋಗಿದ್ದಾರೆ, ಚಪ್ಪಲಿ ಬಿಡುವ ಕಡೆ ಚಪ್ಪಲಿಯಿಲ್ಲ, ಬಟ್ಟೆ ತಂತಿಯ ಮೇಲಿದೆ. ಖಾಲಿ ಮನೆ ಯಾರನ್ನಾದರೂ ಕಾಯುತ್ತದೆ. ‘ಇಲ್ಲ’ ಎನ್ನಿಸಿಕೊಂಡವರ ಮನೆ ಒಬ್ಬರನ್ನೇ ಕಾಯುತ್ತದೆ. ಕಡಲ ಚಿತ್ರಗಳನ್ನು ಈ ಎರಡು ಮಾತಿನ ನಡುವೆ ಇಟ್ಟು ನೋಡಬೇಕೆಂಬುದು ನನ್ನ ವಾದ. ಬರೀ ಖಾಲಿಯಾದ ದಡ ಸೋಫಾದ ಬಣ್ಣಕ್ಕೆ ಒಪ್ಪುವ ಅಲಂಕಾರ. ಯಾರೋ ಇಲ್ಲದ ದಡ ಕಲೆ. ಇದನ್ನು ಅದರಿಂದ ಬೇರೆ ಮಾಡುವುದು ಚಿತ್ರದಲ್ಲಿ ಉಳಿದಿರುವ ಗುರುತು. ಏಕಾಂತ ಎಂದು ನಾವು ಮೆಚ್ಚುವ ಭಾವ ಹುಟ್ಟುವುದೂ ಆ ಗುರುತಿನಿಂದಲೇ.

ಗೋಡೆಗೆ ಜನರಿಲ್ಲದ ದಡ ಬಂದ ಈ ಬದಲಾವಣೆ ಎಷ್ಟು ಹೊಸತು ಎಂದು ತಿಳಿಯಲು ನಮ್ಮ ಗೋಡೆಗಳ ಹಳೆಯ ಕತೆಗೆ ಹೋಗಬೇಕು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಬಣ್ಣದ ಲಕ್ಷ್ಮಿ, ಸರಸ್ವತಿಯರು ಸಾಮಾನ್ಯರ ಮನೆಗಳಿಗೂ ಬಂದರು. ಅವುಗಳ ಹಿಂದೆಯೇ ಅಂಗಡಿಯವರು ಹಂಚುವ ಕ್ಯಾಲೆಂಡರ್ ದೇವರುಗಳು ಬಂದರು. ಆ ಚಿತ್ರಗಳ ಮುಖ್ಯ ಗುಣವೆಂದರೆ ಅವು ನಮ್ಮನ್ನು ನೋಡುತ್ತವೆ. ದೇವರನ್ನು ನಾವು ನೋಡುವುದು ಎಷ್ಟು ಮುಖ್ಯವೋ ದೇವರ ಕಣ್ಣು ನಮ್ಮ ಮೇಲೆ ಬೀಳುವುದೂ ಅಷ್ಟೇ ಮುಖ್ಯ. ದರ್ಶನ ಎಂದರೆ ಎರಡೂ ಕಡೆಯ ನೋಟ. ಸತ್ತವರೂ ನಮ್ಮನ್ನು ನೋಡುತ್ತಲೇ ಇದ್ದರು. ಬಾಗಿಲ ಮೇಲ್ಗಡೆ ಸ್ವಲ್ಪ ಮುಂದಕ್ಕೆ ಬಾಗಿಸಿ ಕಟ್ಟಿದ ಫೋಟೊ, ಗಂಧದ ಹಾರ, ಕೆಳಗೊಂದು ಸಣ್ಣ ಕೆಂಪು ಬಲ್ಬು. ಇಲ್ಲದವರಿಗೂ ಆ ಗೋಡೆಯಲ್ಲಿ ಮುಖವಿತ್ತು. ಮನೆಯಲ್ಲಿ ಒಬ್ಬರೇ ಕೂತರೂ ಅವರ ಮೇಲೆ ಹಲವು ಜೋಡಿ ಕಣ್ಣುಗಳು ಇರುತ್ತಿದ್ದವು. ಕಡಲದಂಡೆಯ ಚಿತ್ರ ನಮ್ಮ ಗೋಡೆಗೆ ಮೊದಲ ಬಾರಿಗೆ ತಂದದ್ದು ನೋಡುವ ಕಣ್ಣಿಲ್ಲದ ಜಾಗವನ್ನು. ಹಗಲೆಲ್ಲ ಲ್ಯಾಪ್‌ಟಾಪಿನ ಕ್ಯಾಮೆರಾದ ಎದುರು, ಗೇಟಿನ ಸಿಸಿಟಿವಿಯ ಕೆಳಗೆ, ಮೂರು ಮಂಚ ಹಾಕಿದ ಪಿಜಿ ಕೋಣೆಯಲ್ಲಿ ಬದುಕುವವರಿಗೆ ಅಂಥ ಜಾಗ ಬೇಕೆನ್ನಿಸುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಬರೀ ಷೋಕಿ ಎಂದು ತಳ್ಳಿಹಾಕುವುದು ಅನ್ಯಾಯ. ನಮ್ಮ ದೇವಸ್ಥಾನಗಳಲ್ಲಿ ದಿನದ ಕೊನೆಗೆ ರಾತ್ರಿ ಏಕಾಂತ ಸೇವೆ ಮಾಡಿ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಜನರ ನಡುವೆ ಹಗಲು ಕಳೆದ ದೇವರಿಗೂ ಸ್ವಲ್ಪ ಹೊತ್ತು ಯಾರೂ ಇರಬಾರದು ಎಂಬ ತಿಳಿವಳಿಕೆ ಅದರಲ್ಲಿದೆ. ಏಕಾಂತ ಎಂಬುದು ನಮಗೆ ಹೊಸದೇನೂ ಅಲ್ಲ. ಅದನ್ನು ಗೋಡೆಗೆ ತೂಗುಹಾಕುವುದಷ್ಟೇ ಹೊಸದು.

ಆದರೆ ಏಕಾಂತ ಬೇಕೆನ್ನಿಸುವುದು ಬೇರೆ, ಚಿತ್ರ ಅದನ್ನು ಕೊಡುವುದು ಬೇರೆ. ಏಕಾಂತಕ್ಕೆ ಹಿಂದೆ ಮುಂದೆ ಜನ ಬೇಕು. ದೇವರ ಏಕಾಂತವೂ ಸಂತೆಯಂಥ ಹಗಲಿನ ಕೊನೆಯಲ್ಲೇ ಬರುವುದು. ಯಾರೂ ಎಂದೂ ಕಾಲಿಡದ ಕಡೆ ಏಕಾಂತವಿರುವುದಿಲ್ಲ, ಬರೀ ಜಾಗವಿರುತ್ತದೆ. ಇದಕ್ಕೆ ಯುರೋಪಿನ ಒಂದು ಪ್ರಸಿದ್ಧ ಚಿತ್ರ ಒಳ್ಳೆಯ ಸಾಕ್ಷಿ. ಜರ್ಮನಿಯ ಕಾಸ್ಪರ್ ಡಾವಿಡ್ ಫ್ರೀಡ್ರಿಷ್ 1808ರಿಂದ 1810ರವರೆಗೆ ಬರೆದ ‘ಕಡಲ ಬಳಿಯ ಸನ್ಯಾಸಿ’ ಇಂದು ಬರ್ಲಿನ್ನಿನಲ್ಲಿದೆ. ಕೆಳಗೆ ಮರಳ ದಿಣ್ಣೆ, ಕಪ್ಪುನೀಲಿ ಕಡಲಿನ ಒಂದು ಪಟ್ಟಿ, ಉಳಿದದ್ದೆಲ್ಲ ಮೋಡ. ಇರುವೆಯಷ್ಟು ಚಿಕ್ಕದಾಗಿ ಕಾಣುವ ಒಬ್ಬ ಸನ್ಯಾಸಿ. ಅವಕೆಂಪು ಕಿರಣಗಳ ನೆರವಿನಿಂದ ಬಣ್ಣದ ಪದರಗಳ ಕೆಳಗೆ ಇಣುಕಿ ನೋಡಿದಾಗ ಒಂದು ಸಂಗತಿ ಹೊರಬಿತ್ತು: ಫ್ರೀಡ್ರಿಷ್ ಮೊದಲು ಆ ಕಡಲಲ್ಲಿ ಹಡಗುಗಳನ್ನು ಬರೆದಿದ್ದ, ಆಮೇಲೆ ಅವುಗಳ ಮೇಲೆ ಬಣ್ಣ ಬಳಿದು ಮುಚ್ಚಿದ. ಎಂದರೆ ಆ ಕಡಲು ಮೊದಲಿಂದ ಖಾಲಿಯಾಗಿರಲಿಲ್ಲ, ಖಾಲಿ ಮಾಡಿದ್ದು. ನೋಡುಗರಿಗೆ ಹಡಗು ಕಾಣುವುದಿಲ್ಲ, ನಿಜ. ಆದರೆ ಕಲಾವಿದನ ಕೈ ಇದ್ದುದನ್ನು ತೆಗೆದು ಈ ನಿಶ್ಶಬ್ದಕ್ಕೆ ಬಂದಿದೆ. ಎಲ್ಲಿ ಎಷ್ಟು ತೆಗೆದರೆ ಮನುಷ್ಯ ಒಂಟಿಯಾಗುತ್ತಾನೆ ಎಂದು ಅಳೆದಿದೆ. ಆ ಒಬ್ಬ ಸನ್ಯಾಸಿಯನ್ನೂ ಅಳಿಸಿದ್ದರೆ ಅದು ಹವಾಮಾನದ ಚಿತ್ರವಾಗಿಬಿಡುತ್ತಿತ್ತು.

ಹೀಗೆ ತೆಗೆದು ತೆಗೆದು ಚಿತ್ರ ಮಾಡುವ ಅಚ್ಚಿನ ಕಲೆಯನ್ನು ಇಲ್ಲಿ ವಿಶೇಷವಾಗಿ ಎತ್ತಿಕೊಳ್ಳಲು ಕಾರಣವಿದೆ. ತೆಗೆಯುವುದು, ಗುರುತು ಬಿಡುವುದು, ಬಿಟ್ಟು ಹೋಗುವುದು, ಇವೇ ಅದರ ಕೆಲಸ. ನಮ್ಮಲ್ಲಿ ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಶಾಸನದ ಪಡಿಯಚ್ಚು. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಗಾಗಿ ಶಾಸನ ಹುಡುಕಿಸಿದ ಕಾಲದಿಂದ ಇಂದಿನವರೆಗೂ ಅದನ್ನು ತೆಗೆಯುವ ರೀತಿ ಬದಲಾದದ್ದು ಕಡಿಮೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ಗುಳಿಗಳೊಳಕ್ಕೆ ಕಾಗದವನ್ನು ಇಳಿಸುತ್ತಾರೆ. ಮೇಲೆ ಮಸಿಯ ಉಂಡೆಯಿಂದ ತಟ್ಟುತ್ತಾರೆ. ಉಬ್ಬಿದ ಕಡೆ ಮಸಿ ಹತ್ತುತ್ತದೆ, ಗುಳಿಯ ಕಡೆ ಹತ್ತುವುದಿಲ್ಲ. ಕೊನೆಗೆ ಓದಲು ಸಿಗುವ ಅಕ್ಷರ ಮಸಿ ತಾಕದ ಬಿಳಿ. ಉಳಿ ಎಲ್ಲಿಂದ ಕಲ್ಲು ತೆಗೆದಿತ್ತೋ ಅಲ್ಲೇ ಮಾತು ಕಾಣುತ್ತದೆ. ಮರದಚ್ಚು, ಲಿನೋಕಟ್‌ಗಳ ನಿಯಮವೂ ಇದೇ. ಉಳಿಯಿಂದ ಕೊರೆದು ತೆಗೆದ ಭಾಗ ಬಿಳಿಯಾಗುತ್ತದೆ, ಬಿಟ್ಟ ಭಾಗ ಮಸಿ ಹಿಡಿಯುತ್ತದೆ. ಕಡಲ ಮೇಲಿನ ಬೆಳಕು ಬೇಕೆಂದರೆ ಕಲಾವಿದ ಆ ಬೆಳಕಿನಷ್ಟೇ ಮರವನ್ನು ಕಳೆಯಬೇಕು. ಇನ್ನೂ ಕಠಿಣವಾದ ಒಂದು ಕ್ರಮದಲ್ಲಿ ಒಂದೇ ಅಚ್ಚುಹಲಗೆಯನ್ನು ಬಣ್ಣದಿಂದ ಬಣ್ಣಕ್ಕೆ ಮತ್ತಷ್ಟು ಕೊರೆಯುತ್ತಾ ಹೋಗುತ್ತಾರೆ. ಕೊನೆಯ ಬಣ್ಣ ಮುದ್ರಿಸುವ ಹೊತ್ತಿಗೆ ಮೊದಲ ಬಣ್ಣದ ಅಚ್ಚು ಉಳಿದೇ ಇರುವುದಿಲ್ಲ. ಇಪ್ಪತ್ತು ಕಾಗದಗಳ ಮೇಲೆ ಕಡಲು ಬಂದು ಕೂತಿರುತ್ತದೆ, ಆ ಕಡಲು ಹುಟ್ಟಿದ ಹಲಗೆ ಸವೆದು ಮುಗಿದಿರುತ್ತದೆ.

ಎಚಿಂಗ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ಸತುವಿನ ಅಥವಾ ತಾಮ್ರದ ತಗಡಿನ ಮೇಲೆ ರಾಳದ ಸಣ್ಣ ಪುಡಿಯನ್ನು ಮಂಜಿನಂತೆ ಕೂರಿಸಿ, ಕೆಳಗಿನಿಂದ ಬಿಸಿ ತೋರಿಸಿ ಅಂಟಿಸುತ್ತಾರೆ. ಆಮೇಲೆ ತಗಡನ್ನು ಆಮ್ಲದಲ್ಲಿ ಇಳಿಸುತ್ತಾರೆ. ಆಮ್ಲ ರಾಳದ ಕಣಗಳ ಸಂದಿಯಲ್ಲಿ ಲೋಹವನ್ನು ತಿನ್ನುತ್ತದೆ. ಅಕ್ವಾಟಿಂಟ್ ಎನ್ನುವ ಈ ಕ್ರಮ ನೀರು, ಮಂಜು, ಸಂಜೆಗಳಿಗೆ ಹೇಳಿ ಮಾಡಿಸಿದಂಥದ್ದು. ಕೆಲವು ಕ್ಷಣ ಆಮ್ಲದಲ್ಲಿದ್ದ ಭಾಗ ತಿಳಿ ಬೂದುಬಣ್ಣವಾಗುತ್ತದೆ, ಹೆಚ್ಚು ಹೊತ್ತು ಇದ್ದದ್ದು ಕಡುಗಪ್ಪಾಗುತ್ತದೆ. ಬಿಳಿಯಾಗಿಯೇ ಉಳಿಯಬೇಕಾದ ಆಕಾಶಕ್ಕೆ ವಾರ್ನಿಷ್ ಬಳಿದು ಆಮ್ಲ ತಾಕದಂತೆ ಕಾಯುತ್ತಾರೆ. ಆಮೇಲೆ ತಗಡಿಗೆ ಮಸಿ ತುಂಬಿ, ಗಂಜಿ ಹಾಕಿದ ತೆಳು ಬಟ್ಟೆಯಿಂದ ಮೇಲ್ಮೈಯ ಮಸಿಯನ್ನೆಲ್ಲ ಒರೆಸಿ, ಗುಳಿಗಳಲ್ಲಿ ಮಾತ್ರ ಉಳಿಸಿ, ನೆನೆಸಿದ ದಪ್ಪ ಕಾಗದದೊಂದಿಗೆ ಉರುಳೆಯ ಕೆಳಗೆ ನೂಕುತ್ತಾರೆ. ಕಾಗದ ಎತ್ತಿದಾಗ ಚಿತ್ರದ ಸುತ್ತ ಒಂದು ತಗ್ಗು ಗೆರೆ ಬಂದಿರುತ್ತದೆ. ಅದು ತಗಡಿನ ಅಂಚು ಒತ್ತಿದ ಗುರುತು. ಮಸಿಯಿಲ್ಲ, ಬಣ್ಣವಿಲ್ಲ, ಇಲ್ಲಿಗೆ ಒಂದು ಭಾರ ಬಂದಿತ್ತು, ಹೋಯಿತು ಎಂಬಷ್ಟೇ ಸಾಕ್ಷಿ. ಒದ್ದೆ ಮರಳ ಮೇಲೆ ಹೆಜ್ಜೆ ಬಿಡುವುದೂ ಹೀಗೆಯೇ. ಅಚ್ಚಿನ ಕಲಾವಿದರು ಯಾರೂ ಇಲ್ಲದ ದಡವನ್ನು ಮತ್ತೆ ಮತ್ತೆ ಆರಿಸಿಕೊಳ್ಳುವುದು ಕಾಕತಾಳೀಯವೆಂದು ನನಗನ್ನಿಸುವುದಿಲ್ಲ. ವಿಷಯವೂ ವಿಧಾನವೂ ಒಂದೇ ಮಾತನ್ನು ಹೇಳುತ್ತವೆ.

 

ಇನ್ನು ಹೂಡಿಯ ನೆರೆಗೇ ಬರೋಣ. 2023ರ ಮಾರ್ಚ್ 25ರಂದು ಉದ್ಘಾಟನೆಯಾದ ಕೆ.ಆರ್. ಪುರ–ವೈಟ್‌ಫೀಲ್ಡ್ ಮೆಟ್ರೊ ಮಾರ್ಗದಲ್ಲಿ ಹೂಡಿಯಿಂದ ಮುಂದಕ್ಕೆ ಎರಡನೆಯ ನಿಲ್ದಾಣ ಕುಂದಲಹಳ್ಳಿ. ಚಿತ್ರಕಾರ ಯೂಸುಫ್ ಅರಕ್ಕಲ್ ಅವರ ಮನೆ ಆ ಕುಂದಲಹಳ್ಳಿಯಲ್ಲಿತ್ತು. 2016ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಹುಟ್ಟಿದ್ದು 1945ರಲ್ಲಿ, ಕೇರಳದ ಕಡಲ ತಡಿಯ ಚಾವಕ್ಕಾಡಿನಲ್ಲಿ. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಬೆಂಗಳೂರಿಗೆ ಬಂದವರು, ಎಚ್‌ಎಎಲ್‌ನಲ್ಲಿ ದುಡಿದವರು, ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು 1973ರಲ್ಲಿ ಡಿಪ್ಲೊಮಾ ಪಡೆದವರು, ಆಮೇಲೆ ದೆಹಲಿಯ ಗಢೀ ಕಲಾಕೇಂದ್ರದಲ್ಲಿ ಅಚ್ಚಿನ ಕಲೆಯಲ್ಲಿ ಪರಿಣತಿ ಗಳಿಸಿದವರು. ಅವರ ಚಿತ್ರಗಳನ್ನು ನೋಡಿದವರಿಗೆ ನೆನಪುಳಿಯುವುದು ಮಂಕು ಬೆಳಕಿನ ಬರಿಗೋಡೆಯ ಎದುರು ನಿಂತ, ಕೂತ, ತಲೆ ತಗ್ಗಿಸಿದ ಒಬ್ಬಂಟಿಗಳು. ಅವರ ಮುಖದ ಚಹರೆ ಅರ್ಧ ಅಳಿಸಿದಂತಿರುತ್ತದೆ. ಕಾರ್ಖಾನೆಯ ಪಾಳಿ ಮುಗಿಸಿ ಹೊರಟವನೋ, ಊರು ಬಿಟ್ಟು ಬಂದವನೋ ಹೇಳುವಂತಿಲ್ಲ. ಕಡಲ ತಡಿಯಿಂದ ಬಂದ ಹುಡುಗ ಬೆಂಗಳೂರಿನ ಪೂರ್ವದ ಈ ಕಾರ್ಖಾನೆಗಳ ಸೀಮೆಯಲ್ಲಿ ನಿಂತು ನಗರದ ಒಂಟಿಗಳನ್ನು ಬರೆದ. ಇಂದು ಅದೇ ಸೀಮೆಯ ನಗರವಾಸಿಗಳು ಮನುಷ್ಯರೇ ಇಲ್ಲದ ಕಡಲನ್ನು ಗೋಡೆಗೆ ತರುತ್ತಿದ್ದಾರೆ. ಇವೆರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಚಿತ್ರದಲ್ಲಿ ಕಾಣೆಯಾದವನು ಇನ್ನೊಂದರಲ್ಲಿ ಸಿಕ್ಕಂತಾಗುತ್ತದೆ. ಅರಕ್ಕಲ್ ಅವರ ಮನುಷ್ಯನ ಸುತ್ತ ಊರಿಲ್ಲ; ದಂಡೆಯ ಚಿತ್ರದ ಕುರ್ಚಿಯಲ್ಲಿ ಮನುಷ್ಯನಿಲ್ಲ. ಅವರ ಚಿತ್ರಗಳು ತಟ್ಟುವುದು ಮುಖ ಅಳಿಸಿದ್ದರಿಂದ ಮಾತ್ರವಲ್ಲ, ಅಳಿಸಿದ ಮೇಲೂ ಭುಜದ ಬಾಗು, ಕೈ ಮಡಚಿದ ರೀತಿ ಉಳಿದಿರುವುದರಿಂದ. ಆಳು ಯಾರೆಂದು ಗೊತ್ತಾಗದಿದ್ದರೂ ದಣಿವು ಯಾವುದೆಂದು ಗೊತ್ತಾಗುತ್ತದೆ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದು ಕರಾವಳಿಯಿಂದಲೇ ಬರಬೇಕು, ಬರುತ್ತದೆ. ಕಡಲದಂಡೆ ನಿರ್ಜನ ಎಂಬುದೇ ಸುಳ್ಳು, ಅದು ಘಟ್ಟದ ಮೇಲಿನವರ ಕಲ್ಪನೆ ಎಂದು ಅಲ್ಲಿಯವರು ಹೇಳಬಹುದು. ಮಲ್ಪೆ, ಗಂಗೊಳ್ಳಿ, ಹೊನ್ನಾವರದ ದಡ ದುಡಿಮೆಯ ಅಂಗಳ. ಬೆಳಗಿನ ಜಾವ ಮೊಗವೀರರು, ಖಾರ್ವಿಗಳು ದೋಣಿ ನೂಕುತ್ತಾರೆ; ಕೈರಂಪಣಿ ಬಲೆಯನ್ನು ದಡದಿಂದಲೇ ಹತ್ತಾರು ಜನ ಸಾಲಾಗಿ ನಿಂತು ಎಳೆಯುತ್ತಾರೆ; ಬುಟ್ಟಿ ಹಿಡಿದ ಹೆಂಗಸರು ಮೀನಿನ ದರಕ್ಕೆ ಕೂಗಾಡುತ್ತಾರೆ; ಬಲೆ ಹೆಣೆಯುವವರು, ಐಸ್ ಹೊರುವವರು, ಕಾಗೆ, ನಾಯಿ, ಹದ್ದು. ಇಷ್ಟನ್ನೂ ಅಳಿಸಿ ಒಂದು ಕುರ್ಚಿ ಇಟ್ಟರೆ ಅದು ಏಕಾಂತವಲ್ಲ, ಒಕ್ಕಲೆಬ್ಬಿಸುವುದು ಎಂಬುದು ಆ ಆಕ್ಷೇಪದ ತಿರುಳು. ಇದರಲ್ಲಿ ಸತ್ಯವಿದೆ, ಅದನ್ನು ಪೂರ್ತಿ ಒಪ್ಪಿಯೇ ಮುಂದೆ ಹೋಗಬೇಕು. ಗೋಡೆಗಳ ಮೇಲಿನ ಬಹುಪಾಲು ಚಿತ್ರಗಳು ಮಾಡುವುದು ಇದನ್ನೇ. ರೆಸಾರ್ಟಿನ ಜಾಹೀರಾತಿಗೂ ಅವಕ್ಕೂ ವ್ಯತ್ಯಾಸ ಕಡಿಮೆ. ಹೊಕುಸಾಯ್‌ನ ‘ಮಹಾ ಅಲೆ’ಯನ್ನೇ ನೋಡಿ. ಸುಮಾರು 1831ರಲ್ಲಿ ಜಪಾನಿನಲ್ಲಿ ಬಂದ ಈ ಮರದಚ್ಚಿನ ಚಿತ್ರ ಇಂದು ಟಿ–ಶರ್ಟು, ಫೋನಿನ ಕವರು, ಕಾಫಿ ಮಗ್ಗುಗಳ ಮೇಲೆಲ್ಲ ಇದೆ. ಅಲೆ ಎಲ್ಲರಿಗೂ ನೆನಪಿರುತ್ತದೆ. ಆ ಅಲೆಯ ಕೆಳಗೆ ಮೂರು ದೋಣಿಗಳಿವೆ, ಅವುಗಳಲ್ಲಿ ಹುಟ್ಟು ಹಾಕುವವರು ತಲೆ ತಗ್ಗಿಸಿ ಮುದುರಿ ಕೂತು ಜೀವ ಹಿಡಿದುಕೊಂಡಿದ್ದಾರೆ ಎಂಬುದು ಎಷ್ಟು ಜನರ ಕಣ್ಣಿಗೆ ಬಿದ್ದಿದೆ? ಕಲಾವಿದ ಜನರನ್ನು ಅಳಿಸದಿದ್ದರೂ ನಮ್ಮ ಕಣ್ಣು ಅಳಿಸಿಬಿಡುತ್ತದೆ. ಹಾಗಾಗಿ ತಪ್ಪು ಚಿತ್ರದ್ದು ಮಾತ್ರ ಎನ್ನಲಾಗದು.

ಆದರೆ ಆ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ದುಡಿಮೆಯ ದಡಕ್ಕೂ ತನ್ನದೇ ಆದ ‘ಇಲ್ಲ’ ಇದೆ, ಅದನ್ನು ಅಲ್ಲಿಯವರು ಚೆನ್ನಾಗಿ ಬಲ್ಲರು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ದೋಣಿಗಳು ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ, ದಡಕ್ಕೆ ಎಳೆದವು ತೆಂಗಿನ ಗರಿಯ ಅಥವಾ ಟರ್ಪಾಲಿನ ಹೊದಿಕೆಯಡಿ ಮಲಗುತ್ತವೆ. ಮಳೆ ಹೊಡೆಯುವ ಆ ದಡ ಬಿಕೋ ಎನ್ನುತ್ತದೆ. ಆದರೆ ಹೊದಿಕೆಯ ಪ್ರತಿ ಗಂಟೂ ಆಗಸ್ಟ್ ಬರುತ್ತದೆ ಎಂದು ನಂಬಿ ಹಾಕಿದ್ದು. ಖಾಲಿ ಜಾಗಕ್ಕೂ ಬಿಟ್ಟುಹೋದ ಜಾಗಕ್ಕೂ ಇರುವ ಅಂತರವನ್ನು ಬರೆಯಬೇಕೆನ್ನುವ ಕಲಾವಿದರಿಗೆ ಆ ಒಂದು ಗಂಟು ಸಾಕು. ಇನ್ನೊಂದು ‘ಇಲ್ಲ’ವೂ ಇದೆ, ಅದಕ್ಕೆ ಆಗಸ್ಟ್ ಇಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ನೌಕಾಪಡೆ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲಡಿಯಲ್ಲಿ ದೋಣಿಯ ಅವಶೇಷವನ್ನು ಪತ್ತೆ ಮಾಡಿತು. ನಡುವಿನ ಅಷ್ಟೂ ತಿಂಗಳು ಆ ಮನೆಗಳು ಕಡಲನ್ನು ಹೇಗೆ ನೋಡಿರಬಹುದು? ಅಲೆಯಿಲ್ಲದ ದಿನದ ನೀಲಿ ದಿಗಂತ ಪ್ರವಾಸಿಗೆ ನೆಮ್ಮದಿ. ಆ ಮನೆಯವರಿಗೆ ಅದೇ ಗೆರೆ ದೋಣಿ ಕಾಣದ ಗೆರೆ. ಕಡಲ ಚಿತ್ರದಲ್ಲಿ ದಿಗಂತದ ಗೆರೆಯನ್ನು ಎಳೆಯುವವರು ಈ ಎರಡೂ ನೋಟಗಳನ್ನು ನೆನಪಿಟ್ಟುಕೊಂಡು ಎಳೆಯಲಿ ಎಂದು ಆಶಿಸುವುದು ಹೆಚ್ಚಿನ ಬೇಡಿಕೆಯೇನಲ್ಲ.

ಗುರುತೇ ಇಲ್ಲದ ಕಡಲೂ ಮನಸ್ಸನ್ನು ಹಿಡಿಯುತ್ತದಲ್ಲ ಎಂದು ಕಲೆ ಬಲ್ಲವರು ಕೇಳಬಹುದು. ಜಪಾನಿನ ಹಿರೋಶಿ ಸುಗಿಮೊಟೊ 1980ರಿಂದ ತೆಗೆಯುತ್ತಾ ಬಂದ ಕಪ್ಪುಬಿಳುಪು ಕಡಲ ಚಿತ್ರಗಳಲ್ಲಿ ಅರ್ಧ ನೀರು, ಅರ್ಧ ಆಕಾಶ, ನಡುವೆ ದಿಗಂತ, ಅಷ್ಟೇ. ದೋಣಿಯಿಲ್ಲ, ದಡವೂ ಇಲ್ಲ. ಇದು ನನ್ನ ಮಾತಿಗೆ ಎದುರಾದ ಅತಿ ಕಷ್ಟದ ಉದಾಹರಣೆ. ಆದರೆ ಆ ಚಿತ್ರಗಳ ಕೆಳಗಿನ ಹೆಸರುಗಳನ್ನು ಓದಬೇಕು. ಅವು ಯಾವ ಕಡಲು, ಯಾವ ದೇಶದ ತಡಿ, ಯಾವ ವರ್ಷ ಎಂದು ಹೇಳುತ್ತವೆ. ಮೊದಮೊದಲ ಚಿತ್ರವೊಂದರ ಹೆಸರು ಕೆರಿಬಿಯನ್ ಕಡಲು, ಜಮೈಕಾ, 1980. ಇಂಥ ಜಾಗದಲ್ಲಿ ಇಂಥ ವರ್ಷ ಒಬ್ಬ ಮನುಷ್ಯ ದೊಡ್ಡ ಕ್ಯಾಮೆರಾ ಹೂಡಿ ಕಾದು ನಿಂತಿದ್ದ ಎಂಬ ಗುರುತು ಆ ಸಾಲಿನಲ್ಲಿದೆ. ಹೆಸರೂ ಊರೂ ಇಲ್ಲದೆ ‘ನೆಮ್ಮದಿ’, ‘ಶಾಂತಿ’ ಎಂದು ಮಾರಾಟವಾಗುವ ಕಡಲಿನಲ್ಲಿ ಇರದೇ ಇರುವುದು ಇದೇ. ಅದು ಯಾವ ಊರಿನ ಕಡಲೂ ಅಲ್ಲ, ಯಾರೂ ಅಲ್ಲಿ ನಿಂತಿರಲಿಲ್ಲ. ಈಗಂತೂ ಕಂಪ್ಯೂಟರಿಗೆ ಎರಡು ಮಾತು ಹೇಳಿದರೆ ಕ್ಷಣದಲ್ಲಿ ಅಂಥ ಹತ್ತು ಕಡಲು ಹುಟ್ಟುತ್ತವೆ. ಅವುಗಳಲ್ಲಿ ಯಾರೂ ‘ಇಲ್ಲ’ ಎನ್ನಲೂ ಆಗುವುದಿಲ್ಲ, ಏಕೆಂದರೆ ಯಾರೂ ಇದ್ದಿರಲೇ ಇಲ್ಲ.

ಹಾಗಾದರೆ ಕಂಪ್ಯೂಟರಿನಿಂದ ನೇರ ಶಾಯಿ ಸಿಂಪಡಿಸಿ ತೆಗೆದ ಪ್ರಿಂಟುಗಳೆಲ್ಲ ಹುಸಿಯೇ? ಖಂಡಿತ ಅಲ್ಲ. ಐವತ್ತು ಸಾವಿರ ಕೊಟ್ಟು ಎಚಿಂಗ್ ಕೊಳ್ಳಲಾಗದವರಿಗೂ ಚಿತ್ರ ಬೇಕು. ರವಿವರ್ಮನ ಅಚ್ಚುಕೂಟದ ಪುಣ್ಯವೂ ಅದೇ ಆಗಿತ್ತು. ಛಾಯಾಚಿತ್ರಕಾರರೊಬ್ಬರು ಮರವಂತೆಯ ದಡದಲ್ಲಿ ಮುಂಜಾವದಿಂದ ಕಾದು ತೆಗೆದ ಚಿತ್ರ ಸಾವಿರ ಪ್ರತಿಯಾದರೂ ಅದರ ಕಾಯುವಿಕೆ ಕಳೆದುಹೋಗುವುದಿಲ್ಲ. ನಾನು ಕೇಳುವುದು ಯಂತ್ರ ಯಾವುದು ಎಂದಲ್ಲ, ಯಾರ ಜಾಗ ಅದು ಎಂದು. ಇದಕ್ಕಿಂತ ಹತ್ತಿರದ ಆಕ್ಷೇಪವೊಂದು ಮನೆಯೊಳಗಿನಿಂದಲೇ ಬರುತ್ತದೆ: ಯಾರೂ ಕೂರದ ಕುರ್ಚಿ, ನಿರ್ಜನ ದಡ ಇವೆಲ್ಲ ಮನೆಗೆ ಶುಭವಲ್ಲ, ಭಣಗುಟ್ಟುವ ಚಿತ್ರ ಹಾಕಬೇಡಿ ಎನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಚಿತ್ರಕ್ಕೆ ಬಲವಿದೆ ಎಂದು ನಂಬುವವರು ಅವರು, ಅಲಂಕಾರ ಎಂದು ತಳ್ಳಿಬಿಡುವವರಿಗಿಂತ ಕಲೆಗೆ ಹೆಚ್ಚು ಮರ್ಯಾದೆ ಕೊಡುವವರು. ಆದರೆ ಗಂಧದ ಹಾರ ಹಾಕಿದ ಫೋಟೊವನ್ನು ಅದೇ ಗೋಡೆಗೆ ತೂಗಿಸಿದವರೂ ಅವರೇ ಅಲ್ಲವೇ? ಇಲ್ಲದವರನ್ನು ಮನೆಯಿಂದ ಹೊರಗಿಡುವ ಪದ್ಧತಿ ನಮ್ಮದಾಗಿರಲಿಲ್ಲ. ಮುಖವಿದ್ದ ಆ ‘ಇಲ್ಲ’ ಈಗ ಮುಖವಿಲ್ಲದೆ ಬಂದಿದೆ. ಒಳ್ಳೆಯ ಚಿತ್ರವಾದರೆ ಆ ಮುಖವನ್ನು ನೋಡುವವರೇ ತುಂಬುತ್ತಾರೆ.

ಯಾರು ತುಂಬುತ್ತಾರೆ, ಏನನ್ನು ತುಂಬುತ್ತಾರೆ ಎಂಬುದು ಹೂಡಿಯಂಥ ಊರಿನಲ್ಲಿ ಮುಖ್ಯವಾಗುತ್ತದೆ. ಇಲ್ಲಿ ವಾಸವಿರುವವರಲ್ಲಿ ಬಹಳ ಮಂದಿ ಎಲ್ಲಿಂದಲೋ ಹೊರಟು ಬಂದವರು. ಕುಂದಾಪುರದ ಕಡೆಯ ಸಾಫ್ಟ್‌ವೇರ್ ಎಂಜಿನಿಯರ್, ರಾಯಚೂರಿನಿಂದ ಬಂದ ಕಟ್ಟಡ ಕಾರ್ಮಿಕರು, ಒಡಿಶಾದ ಸೆಕ್ಯುರಿಟಿ ಗಾರ್ಡ್, ಆಂಧ್ರದ ಕರಾವಳಿಯ ನರ್ಸ್. ಹೂಡಿ ಹಾಲ್ಟಿನ ಹಳಿಗಳ ಮೇಲೆ ಚೆನ್ನೈ ಕಡೆಯ ರೈಲು ಹಾಯುವಾಗ ಅದು ಕಡಲಿನ ಕಡೆಗೇ ಹೋಗುತ್ತಿದೆ ಎಂಬುದು ಕೆಲವರಿಗಾದರೂ ನೆನಪಾಗುತ್ತದೆ. ಇವರೆಲ್ಲರೂ ಬಿಟ್ಟುಬಂದ ಕಡೆ ಒಂದೊಂದು ಜಾಗ ಹಾಗೇ ಇದೆ: ಜಗುಲಿಯ ಮೂಲೆ, ಊಟದ ಸಾಲಿನಲ್ಲಿ ಒಂದು ತಟ್ಟೆ, ದೋಣಿಯಲ್ಲಿ ಒಂದು ಹುಟ್ಟಿನ ಸ್ಥಾನ. ಕರಾವಳಿಯ ಗಂಡಸರು ಹೋಟೆಲು ಇಡಲು ಮುಂಬಯಿಗೆ, ಬೆಂಗಳೂರಿಗೆ ಹೊರಟ ಕಾಲದಿಂದಲೂ ಆ ದಡ ಇಂಥ ಸ್ಥಾನಗಳನ್ನು ಕಾಯ್ದುಕೊಂಡು ಬಂದಿದೆ. ಕೋಟದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಕಡಲ ಮೊರೆತ ಕೇಳುವ ಮನೆಯೊಂದರ ಮೂರು ತಲೆಮಾರುಗಳನ್ನು ಬರೆದಾಗ, ಹೊರಟವರಷ್ಟೇ ತೂಕ ಉಳಿದವರಿಗೂ ಕೊಟ್ಟರು. ಅದಕ್ಕೇ ಕಡಲಿಗೆ ಮುಖ ಮಾಡಿದ, ಯಾರೂ ಕೂರದ ಕುರ್ಚಿಯ ಚಿತ್ರವನ್ನು ಹೂಡಿಯ ಒಂದು ಹಾಲ್‌ನಲ್ಲಿ ನೋಡುವಾಗ ಒಂದು ತಿರುವು ಸಾಧ್ಯ. ಆ ಕುರ್ಚಿಯಲ್ಲಿ ಇಲ್ಲದವರು ಮತ್ತಾರೋ ಅಲ್ಲ, ಚಿತ್ರದ ಮುಂದೆ ನಿಂತವರೇ. ಅವರು ಅಲ್ಲಿಲ್ಲ, ಯಾಕೆಂದರೆ ಇಲ್ಲಿದ್ದಾರೆ. ಅಮೆರಿಕದ ಎಡ್ವರ್ಡ್ ಹಾಪರ್ 1951ರಲ್ಲಿ ‘ಕಡಲ ಪಕ್ಕದ ಕೋಣೆಗಳು’ ಎಂಬ ಚಿತ್ರ ಬರೆದ. ಬರಿದಾದ ಕೋಣೆ, ಗೋಡೆಯ ಮೇಲೆ ಓರೆ ಬಿಸಿಲು, ತೆರೆದ ಬಾಗಿಲು, ಹೊಸ್ತಿಲಿನಾಚೆ ಮೆಟ್ಟಿಲಿಲ್ಲದೆ ನೇರ ಕಡಲು. ಆ ಕೋಣೆಯಲ್ಲಿ ಯಾರೂ ಇಲ್ಲ ಎನ್ನುತ್ತಾರೆ. ನೋಡುವವರು ಮಾತ್ರ ಕೋಣೆಯ ಒಳಗಡೆಯೇ ನಿಂತಿರುತ್ತಾರೆ.

ಪ್ರತಿ ವರ್ಷ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಚಿತ್ರಸಂತೆ ನಡೆಸುತ್ತದೆ. ಹೂಡಿಯಿಂದ ಮೆಟ್ರೊದ ನೇರಳೆ ಮಾರ್ಗದಲ್ಲಿ ಹೊರಟರೆ ಮೆಜೆಸ್ಟಿಕ್‌ವರೆಗೆ ರೈಲು ಬದಲಿಸುವ ಅಗತ್ಯವಿಲ್ಲ. ಅಲ್ಲಿ ಅಚ್ಚಿನ ಕಡಲನ್ನು ಮಾರುವ ಯುವ ಕಲಾವಿದರು ಸಿಕ್ಕರೆ, ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಬರೆದದ್ದನ್ನು ಮೊದಲು ನೋಡಬಹುದು. 7/25 ಎಂದಿದ್ದರೆ ಇಪ್ಪತ್ತೈದರಲ್ಲಿ ಇದು ಏಳನೆಯದು. ಎಲ್ಲ ಪ್ರತಿ ತೆಗೆದಾದ ಮೇಲೆ ಎಷ್ಟೋ ಕಲಾವಿದರು ತಗಡಿನ ಮೇಲೆ ಅಡ್ಡಗೆರೆ ಎಳೆದು ಅದನ್ನು ಕೆಡಿಸಿಬಿಡುತ್ತಾರೆ, ಮತ್ತೆ ಯಾರೂ ಅದರಿಂದ ಮುದ್ರಿಸದಂತೆ. ಯಾವ ಊರಿನ ದಡ ಎಂದು ಕೇಳಬಹುದು. ಅಲ್ಲಿ ಯಾರಿದ್ದರು ಎಂದೂ ಕೇಳಬಹುದು. ಕಲಾವಿದರ ಬಳಿ ಉತ್ತರವಿದ್ದರೆ ಅದು ಚಿತ್ರದಲ್ಲೂ ಎಲ್ಲಾದರೂ ಇದ್ದೇ ಇರುತ್ತದೆ. ಮನೆಗೆ ತಂದ ಮೇಲೆ ಅದನ್ನು ಟಿವಿಯ ಮೇಲಿನ ಗೋಡೆಗಿಂತ ಬಾಲ್ಕನಿಯ ಪಕ್ಕದ ಗೋಡೆಗೆ ಹಾಕುವುದು ವಾಸಿ, ನೇರ ಬಿಸಿಲು ಬೀಳದಂತೆ. ಸಂಜೆ ಐದರ ಹೊತ್ತಿಗೆ ಪಕ್ಕದಿಂದ ಓರೆ ಬೆಳಕು ಬಂದಾಗ, ಹಗಲೆಲ್ಲ ಕಾಣದಿದ್ದ ಆ ತಗ್ಗು ಗೆರೆ ಕಾಗದದಲ್ಲಿ ನೆರಳು ಹಿಡಿದು ಏಳುತ್ತದೆ. ತಗಡು ಒತ್ತಿ, ಎದ್ದು ಹೋದ ಜಾಗ.